ಗುಮಾಸ್ತನ ಶಲ್ಯದ ಕುಚ್ಚು

ಸೀರೆ ಅಂಗಡಿಯ ಯಜಮಾನ ಪುಟ್ಟಸ್ವಾಮಪ್ಪನವರ ಮುಂದೆ ತುಳಸಿ ಏಳನೆಯ ಗುರುವಾರವೂ ಬಂದು ನಿಂತಳು. ಸೆರಗಿಗೆ ಕೈಯಲ್ಲೇ ಕುಚ್ಚು ಕಟ್ಟಿಕೊಡುವುದು ಅವಳು ಹೊಸದಾಗಿ ಹಿಡಿದ ಕಸುಬು. ಈ ತಿಂಗಳು ಕೆಲಸ ಸಿಗದಿದ್ದರೆ ಬಿಟ್ಟುಬಿಡು ಎಂದು ಮನೆಯಲ್ಲಿ ಹೇಳಿದ್ದರು. ನಾಲ್ಕು ಮಾದರಿಗಳನ್ನು ಅಂಗಡಿಯಲ್ಲಿ ತೂಗುಹಾಕಿ ಎಂಬುದಷ್ಟೇ ಅವಳ ಕೋರಿಕೆ.

"ಮೂವತ್ತು ವರ್ಷದಲ್ಲಿ ಒಬ್ಬ ಗಿರಾಕಿಯೂ ನನ್ನ ಹತ್ತಿರ ಕುಚ್ಚು ಕೇಳಿಲ್ಲ. ಹತ್ತು ಜನ ಕೇಳಲಿ, ಆಮೇಲೆ ಬಾ," ಎಂದರು ಯಜಮಾನರು.

ಸೀರೆ ತೋರಿಸುವ ಮುದಿ ಗುಮಾಸ್ತ ಈ ಮಾತನ್ನು ಏಳು ಸಲವೂ ಕೇಳಿಸಿಕೊಂಡಿದ್ದ. ಕಣ್ಣಿಗೇ ಬೀಳದ್ದನ್ನು ಯಾರು ತಾನೇ ಕೇಳುತ್ತಾರೆ ಎನಿಸಿತು ಅವನಿಗೆ. ಮೆಟ್ಟಿಲ ಬಳಿ ಅವಳನ್ನು ನಿಲ್ಲಿಸಿ, ಹೆಗಲ ಮೇಲಿನ ಬಿಳಿ ಶಲ್ಯ ತೆಗೆದುಕೊಟ್ಟ.

"ಇದಕ್ಕೆ ಕಟ್ಟಿಕೊಡು ತಾಯಿ."

ತುಳಸಿ ಅಂದು ಸಂಜೆಯೇ ಕಟ್ಟಿ ಅವನ ಮನೆಗೆ ತಲುಪಿಸಿದಳು. ಮರುದಿನದಿಂದ ಅವನು ಸೆರಗನ್ನು ಹೆಗಲಿಗೆ ಹಾಕಿ ತೋರಿಸಿದಾಗಲೆಲ್ಲ ಪಕ್ಕದಲ್ಲೇ ಶಲ್ಯದ ಕೆಂಪು ಕುಚ್ಚು ತೂಗಾಡುತ್ತಿತ್ತು. ಹೆಂಗಸರು ಸೀರೆ ಬಿಟ್ಟು ಅದನ್ನೇ ಹಿಡಿದು ನೋಡಿದರು.

"ಅದು ನಮ್ಮಲ್ಲಿ ಸಿಗಲ್ಲಮ್ಮ," ಎನ್ನುತ್ತಿದ್ದ ಗುಮಾಸ್ತ, ಯಜಮಾನರಿಗೂ ಕೇಳಿಸುವಷ್ಟು ಗಟ್ಟಿಯಾಗಿ.

ಸಿಗಲ್ಲ ಎಂಬ ಮಾತನ್ನು ಆ ಅಂಗಡಿಯಲ್ಲಿ ಯಾರೂ ಆಡುವಂತಿರಲಿಲ್ಲ. ಮಂಗಳವಾರದ ಹೊತ್ತಿಗೆ ಯಜಮಾನರಿಗೆ ತಡೆಯಲಾಗಲಿಲ್ಲ.

"ಆ ಶಲ್ಯ ತೆಗೆದಿಡಯ್ಯ."

"ತೆಗೀತೀನಿ ಯಜಮಾನ್ರೇ. ಆದರೆ ಕೇಳಿದವರು ಆಗಲೇ ಹದಿನಾಲ್ಕು ಜನ. ನೀವು ಹೇಳಿದ್ದು ಹತ್ತೇ."

ಯಜಮಾನರು ಕುಚ್ಚನ್ನು ಬೆರಳಲ್ಲಿ ಹಿಡಿದು ನೋಡಿದರು. "ಆ ಹುಡುಗಿ ಇವತ್ತು ಬರ್ತಾಳಾ?"

"ಅವಳು ಬರೋದು ಗುರುವಾರ. ಅಲ್ಲೀತನಕ ಸಿಗಲ್ಲ ಅಂತಲೇ ಹೇಳ್ತಿರ್ತೀನಿ."

ಯಜಮಾನರು ಎದ್ದು ಹೋಗಿ ಚಪ್ಪಲಿ ಮೆಟ್ಟಿಕೊಂಡರು.

"ಅವಳ ಮನೆ ಎಲ್ಲಿ, ಹೇಳು."