ನಾರುಗಂಟಿನ ದಿಬ್ಬ

ಸುಳ್ಳಾಡುವವರ ಅಂಗಳದಲ್ಲಿ ಕೇದಗೆ ಹೂ ಬಿಡುವುದಿಲ್ಲ ಎಂದು ಒಂದು ಕಾಲಕ್ಕೆ ಕಡಲಕೊಪ್ಪದವರೆಲ್ಲ ನಂಬಿದ್ದರು. ಊರಿನ ಪಶ್ಚಿಮಕ್ಕೆ, ಹೊಳೆ ಕಡಲು ಸೇರುವಲ್ಲಿ, ಈಗಲೂ ಒಂದು ಮರಳುದಿಬ್ಬವಿದೆ. ಅದರ ನೆತ್ತಿಯಲ್ಲಿ ಬಿಳಲುಗಳ ಮೇಲೆ ನಿಂತ ಹಳೆಯ ಕೇದಗೆ ಪೊದೆ, ಪೊದೆಯ ಸುತ್ತ ಸಿಮೆಂಟಿನ ಕಟ್ಟೆ, ಕಟ್ಟೆಗೆ ಯಾರೋ ಬಳಿದ ನೀಲಿ ಬಣ್ಣ. ಮುಳ್ಳೆಲೆಗಳ ನಡುವೆ ಬಾಳೆನಾರಿನ ಗಂಟುಗಳು ನೇತಾಡುತ್ತವೆ. ದಿಬ್ಬಕ್ಕೆ ನಾರುಗಂಟು ಎಂಬ ಹೆಸರು ಬಂದದ್ದು ಹೀಗೆ ಎನ್ನುತ್ತಾರೆ.

ಕೇದಗೆ ಶಿವನೆದುರು ಕಳ್ಳಸಾಕ್ಷಿ ನುಡಿದು ಶಾಪ ತಿಂದ ಕಥೆ ಎಲ್ಲರಿಗೂ ಗೊತ್ತು. ಒಮ್ಮೆ ಸಿಕ್ಕಿಬಿದ್ದ ಗಿಡಕ್ಕೆ ಉಳಿದ ಸುಳ್ಳುಗಾರರ ಗುರುತು ಹತ್ತುತ್ತದೆ ಎಂಬುದು ಊರಿನವರ ತರ್ಕ. ಹಾಗಾಗಿ ಪ್ರತಿ ಮನೆಯವರೂ ಹೊಳೆದಂಡೆಯಲ್ಲಿದ್ದ ಒಂದೇ ದೊಡ್ಡ ಪೊದೆಯಿಂದ ಕೊಂಬೆ ಕಡಿದು ತಂದು ಅಂಗಳದಲ್ಲಿ ನೆಡುತ್ತಿದ್ದರು. ಹೆಣ್ಣು ನೋಡಲು ಕೇದಗೆ ಅರಳುವ ಮಳೆಗಾಲದಲ್ಲೇ ಬರುತ್ತಿದ್ದರು. ಹುಡುಗಿಗಿಂತ ಮೊದಲು ಗಿಡವನ್ನು ನೋಡುತ್ತಿದ್ದರು. ಹುಡುಗಿಯ ಅಭಿಪ್ರಾಯ ಕೇಳುವುದು ಆಗಿನ್ನೂ ರೂಢಿಯಾಗಿರಲಿಲ್ಲ. ಗಿಡದ್ದು ಆಗಿತ್ತು.

ಹಿಂದೆ ಒಮ್ಮೆ ಈ ದಿಬ್ಬದ ಮೇಲೆ ಈರಕ್ಕ ಎಂಬವಳು ಮಗಳು ಶಿವಿಯೊಂದಿಗೆ ಇದ್ದಳು. ಗಂಡ ಸತ್ತ ಮೇಲೆ ಅವಳೇ ಜನರನ್ನು ದೋಣಿಯಲ್ಲಿ ಹೊಳೆ ದಾಟಿಸುತ್ತಿದ್ದಳು. ಅವಳು ನೆಟ್ಟ ಕೊಂಬೆ ಚಿಗುರಿತು, ಆಳೆತ್ತರ ಮೀರಿತು, ಅನಾನಸಿನಂಥ ಕಾಯಿಯನ್ನೂ ಹೊತ್ತಿತು. ಘಮಘಮಿಸುವ ಹೂ ಮಾತ್ರ ಒಂದೂ ಬರಲಿಲ್ಲ. ಕಾಯಿ ಊರಿನ ಎಲ್ಲ ಗಿಡಗಳಲ್ಲೂ ಇತ್ತು; ಆದರೆ ಅಲ್ಲಿ ನೆಂಟರು ಬರುವ ದಿನಕ್ಕೆ ಸರಿಯಾಗಿ ಹೂವೂ ಇರುತ್ತಿತ್ತು. "ಹೂವಿಲ್ಲದೆ ಕಾಯಿ ಬಿಡೋ ಗಿಡ. ಮನೆಯವರಿಗಿಂತ ಅದೇ ದೊಡ್ಡ ಸುಳ್ಳಿ" ಎಂದು ಜನ ನಕ್ಕರು. ಶಿವಿಯನ್ನು ನೋಡಲು ಬಂದ ಪರವೂರಿನ ಎರಡು ಮನೆಯವರು ಅಂಗಳದಿಂದಲೇ ತಿರುಗಿಹೋದರು. ಕೊನೆಗೆ ಉಳಿದದ್ದು ಅದೇ ಊರಿನ ಗಣಪಿಯ ಮಗ ಹಮ್ಮಣ್ಣ. ಅವನು ದಿನಾ ಈರಕ್ಕನ ದೋಣಿಯಲ್ಲಿ ಹೊಳೆ ದಾಟುತ್ತಿದ್ದ. ಆಚೆ ದಡದಲ್ಲಿ ಅವನಿಗೆ ಯಾವ ಕೆಲಸವೂ ಇರಲಿಲ್ಲ. ಶಿವಿಗೂ ಅವನು ಒಪ್ಪಿಗೆಯಾಗಿದ್ದ. ಗಣಪಿಯೂ ಬೇಡವೆಂದರೆ ಮತ್ತೊಬ್ಬರು ಬರುವಂತಿರಲಿಲ್ಲ.

ಈರಕ್ಕ ಹೊಳೆಯಾಚೆಯ ಕಾಡುಪೊದೆಯಿಂದ ಒಂದು ಹೂ ಕೊಯ್ದು ತಂದು, ಬಾಳೆನಾರಿನಲ್ಲಿ ತನ್ನ ಗಿಡಕ್ಕೆ ಕಟ್ಟಿದಳು. ಜೀವಮಾನದಲ್ಲಿ ಅವಳಾಡಿದ ಮೊದಲ ಸುಳ್ಳು ಅದೇ ಎನ್ನುತ್ತಾರೆ. 'ಈಗ ಬಂದೆ' ಎಂದು ಜನರನ್ನು ದಡದಲ್ಲಿ ಕಾಯಿಸುವ ದೋಣಿಯವರ ವಿಷಯದಲ್ಲಿ ಇದನ್ನು ನಂಬುವುದು ಸ್ವಲ್ಪ ಕಷ್ಟ.

ಗಣಪಿ ಬಂದಳು. ಗಿಡದ ಬಳಿ ಬಗ್ಗಿದಳು, ನಾರನ್ನು ಬೆರಳಿನಿಂದ ಮುಟ್ಟಿದಳು.

"ಇದೆಂಥದೇ ಈರಕ್ಕ?"

"ಬಾಳೆನಾರು. ಕಟ್ಟಿದ್ದು ನಾನೇ. ನಿಂಗೆ ಹೂ ಬೇಕಿತ್ತು, ನಂಗೆ ಅಳಿಯ ಬೇಕಿತ್ತು."

"ಗಂಟು ಹಾಕೂಕೆ ಬರೂದಿಲ್ಲ ನಿಂಗೆ," ಎಂದಳು ಗಣಪಿ. "ಎಲೆ ಅಡಿಗೆ ಬರಬೇಕು ಅದು. ಹೀಂಗೆ ಮೇಲೆ ಕಂಡ್ರೆ ಯಾರು ನಂಬ್ತಾರೆ?"

"ನಿಂಗೆ ಹ್ಯಾಂಗೆ ಗೊತ್ತು?"

"ಮೂರು ಹೆಣ್ಮಕ್ಕಳ ಮದುವೆ ಮಾಡಿದ್ದೆ ಮಾರಾಯ್ತಿ."

ಇಬ್ಬರೂ ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕಿಕೊಂಡು, ಊರಿನಲ್ಲಿ ನಿಜವಾಗಿ ಹೂ ಬಿಟ್ಟ ಅಂಗಳ ಯಾವುದೆಂದು ನೆನಪು ಮಾಡಿಕೊಳ್ಳಲು ನೋಡಿದರು. ಒಂದೂ ಸಿಗಲಿಲ್ಲ. ಮಳೆ ನಿಂತ ಮೇಲೆ ಮದುವೆಯಾಯಿತು. ಹಮ್ಮಣ್ಣ ಹೊಳೆ ದಾಟುವುದನ್ನು ಬಿಟ್ಟ.

ಗಣಪಿಯ ರೂಪದಲ್ಲಿ ಬಂದದ್ದು ದೇವಿಯೇ ಎಂದು ದಿಬ್ಬದ ಕೆಳಗೆ ತೆಂಗಿನಕಾಯಿ ಮಾರುವವರು ಈಗ ಹೇಳುತ್ತಾರೆ. ಮದುವೆ ಕೂಡಿಬರಲೆಂದು ಬರುವವರು ನಾರು ಕಟ್ಟಿ, ಗಂಟು ಎಲೆಯ ಅಡಿಗೆ ಬರುವಂತೆ ಎಚ್ಚರ ವಹಿಸುತ್ತಾರೆ. ಈರಕ್ಕ ನೆಟ್ಟ ಪೊದೆ ಇಂದಿಗೂ ಕಾಯಿ ಬಿಡುತ್ತದೆ. ಅದರಲ್ಲಿ ಹೂ ಕಂಡವರಿಲ್ಲ. ಕೇದಗೆಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಕಾಯಿ ಬಿಡುವುದು ಹೆಣ್ಣು. ಆ ಘಮದ ಹೂ ಬಿಡುವುದು ಗಂಡು ಮಾತ್ರ.