ಗಿರಕಿರಾಯನ ರೇಸು ಮತ್ತು ಒಂದು ಚಮಚ ಹೆಪ್ಪು

ಒಂದಾನೊಂದು ಊರಿನಲ್ಲಿ, ಅದು ನಿಮ್ಮೂರಲ್ಲ, ನಮ್ಮೂರೂ ಅಲ್ಲ, ಎರಡರ ನಡುವೆ ಬಸ್ಸು ನಿಲ್ಲಿಸದೆ ಹೋಗುತ್ತದಲ್ಲ, ಆ ಊರಿನಲ್ಲಿ ಗಿರಕಿರಾಯ ಅಂತ ಒಬ್ಬ ರಾಜ ಇದ್ದ. ಅವನಿಗೆ ಎಲ್ಲಿಗಾದರೂ ಹೋಗುವುದೆಂದರೆ ಆಗುತ್ತಿರಲಿಲ್ಲ. "ಹೋದರೆ ವಾಪಸು ಬರಬೇಕು. ಬರುವುದೇ ಆದರೆ ಹೋಗುವುದು ಯಾಕೆ?" ಅನ್ನುತ್ತಿದ್ದ. ಆದರೆ ಜೋರಾಗಿ ಓಡುವುದೆಂದರೆ ಪ್ರಾಣ. ಅದಕ್ಕೇ ಹೊರಟಲ್ಲಿಗೇ ಬಂದು ಮುಟ್ಟುವ ಒಂದು ದುಂಡನೆಯ ರಸ್ತೆ ಮಾಡಿಸಿ, ಅದರ ಮೇಲೆ ಕಾರಿನ ರೇಸು ಇಡಿಸಿದ. ಆ ಕಾಲದಲ್ಲಿ ಕಾರುಗಳಿಗೆ ಡ್ರೈವರು ಇರಲಿಲ್ಲ. ಹಸು ತಾನೇ ಮೇಯುವ ಹಾಗೆ ಕಾರೂ ತಾನೇ ಓಡುತ್ತಿತ್ತು.

ರಸ್ತೆ ಹಾಕುವವರು ಬಂದು ಕೇಳಿದ್ದರು. "ಬುದ್ಧಿ, ನಡುವೆ ಒಂದು ಮನೆ ಬರುತ್ತದೆ. ಕೆಡವೋಣವೇ?"

ರಾಜ ಬೈದ. "ಬಳೆ ಅಂದಮೇಲೆ ಒಳಗೊಂದು ಕೈ ಬೇಡವೇ? ಇರಲಿ ಬಿಡಿ."

ಹಾಗಾಗಿ ಆ ಮನೆ ಉಳಿಯಿತು. ಅದು ಕೆಂಪಸಿದ್ದಮ್ಮನ ಮನೆ. ಅಲ್ಲಿ ಅವಳು, ಅವಳ ಗಂಡ ಚಿಕ್ಕಲಿಂಗಯ್ಯ, ಎರಡು ಹಸು. ರಸ್ತೆಯ ಆಚೆ ಅವಳ ಗೆಳತಿ ದುಂಡಮ್ಮ. ಊರಿಗೆಲ್ಲ ಹಾಲು ಕೆಂಪಸಿದ್ದಮ್ಮನ ಎರಡು ಹಸುವಿನದೇ. ಊರಿಗೆಲ್ಲ ಹೆಪ್ಪು ದುಂಡಮ್ಮನ ಗಡಿಗೆಯದೇ. ಹಾಲು ಈಚೆಯಿಂದ ಆಚೆಗೆ ಹೋಗುತ್ತಿತ್ತು, ಹೆಪ್ಪು ಆಚೆಯಿಂದ ಈಚೆಗೆ ಬರುತ್ತಿತ್ತು. ಕೆಂಪಸಿದ್ದಮ್ಮನ ಮನೆಯಲ್ಲಿ ಹೆಪ್ಪಿಗೆ ಅಂತ ಒಂದು ಹನಿ ಮೊಸರೂ ಉಳಿಯುತ್ತಿರಲಿಲ್ಲ. ಯಾಕೆಂದರೆ ಚಿಕ್ಕಲಿಂಗಯ್ಯ ಗಡಿಗೆಯ ತಳವನ್ನು ಬೆರಳಲ್ಲಿ ಬಳಿದು ನೆಕ್ಕುತ್ತಿದ್ದ. ಒಳ್ಳೆಯ ಮನುಷ್ಯ, ಅದೊಂದು ಬಿಟ್ಟರೆ.

ರೇಸು ಮೂರು ದಿನ. ಶುಕ್ರವಾರ ಕಾರುಗಳು ರಸ್ತೆ ಕಲಿಯುತ್ತಿದ್ದವು. ಶನಿವಾರ ಯಾರು ಮುಂದೆ ನಿಲ್ಲಬೇಕು, ಯಾರು ಹಿಂದೆ ಅಂತ ತೀರ್ಮಾನ ಆಗುತ್ತಿತ್ತು. ಭಾನುವಾರ ಓಟ. ಕೊನೆಗೆ ರಾಜ ಊಟ ಮುಗಿಸಿ ಎದ್ದು ನಿಂತು ಕಪ್ಪುಬಿಳಿ ಚೌಕಳಿ ಬಾವುಟ ಬೀಸಿದರೆ ಮುಗಿಯಿತು. ಅಲ್ಲಿಯವರೆಗೆ ಯಾರೂ ರಸ್ತೆ ದಾಟುವ ಹಾಗಿಲ್ಲ. ಕೋಳಿಯೂ ದಾಟುವ ಹಾಗಿಲ್ಲ. ಕೆಂಪಸಿದ್ದಮ್ಮ ಗುರುವಾರವೇ ಹಾಲು ಕೊಟ್ಟು ಹೆಪ್ಪು ತಂದು, ದೊಡ್ಡ ಗಡಿಗೆಗೆ ಹಾಕಿಡುತ್ತಿದ್ದಳು. ಆ ಮೊಸರು ಭಾನುವಾರದವರೆಗೆ ಬರುತ್ತಿತ್ತು. ಸೋಮವಾರ ರಸ್ತೆ ತೆರೆಯುತ್ತಿತ್ತು. ಯಾರಿಗೂ ತೊಂದರೆ ಇರಲಿಲ್ಲ.

ಒಂದು ಭಾನುವಾರ ಏನಾಯಿತಪ್ಪಾ ಅಂದರೆ, ಏಳನೇ ನಂಬರಿನ ಹಳದಿ ಕಾರು ಕೊನೆಗೆ ಬಂತು. ಬಂದದ್ದೇ ರಾಜನ ಮುಂದೆ ನಿಂತು ಗಳಗಳನೆ ಅತ್ತಿತು. ಇಂಜಿನ್ನಿನ ನೀರೆಲ್ಲ ನೆಲಕ್ಕೆ ಹೋಯಿತು.

"ಬುದ್ಧಿ, ಕಲಿಯೋಕೆ ಶುಕ್ರವಾರ ಒಂದೇ ದಿನ. ನಾನು ಮೂರನೇ ತಿರುವು ಕಲಿಯೋ ಹೊತ್ತಿಗೆ ಮೊದಲನೇದು ಮರೆತುಹೋಗಿತ್ತು."

ರಾಜನಿಗೆ ಅಯ್ಯೋ ಅನ್ನಿಸಿತು. ಮಂತ್ರಿ ಹೌದಪ್ಪಯ್ಯನನ್ನು ಕರೆದ. ಈ ಮಂತ್ರಿಗೆ ಬರುತ್ತಿದ್ದ ಮಾತು ಒಂದೇ.

"ಮಂತ್ರಿಗಳೇ, ಶುಕ್ರವಾರ ಕಲಿಯುವುದು ಹೇಗೆ ಅಂತ ಗುರುವಾರ ಕಲಿಯಬೇಕಲ್ಲವೇ?"

"ಹೌದು."

"ಗುರುವಾರದ್ದನ್ನು ಬುಧವಾರ ಕಲಿಯಬೇಕಲ್ಲವೇ?"

"ಹೌದು."

ಬುಧವಾರಕ್ಕೆ ಮಂಗಳವಾರ ಬೇಕಾಯಿತು. ಮಂಗಳವಾರಕ್ಕೆ ಸೋಮವಾರ ಬೇಕಾಯಿತು. ಸೋಮವಾರಕ್ಕೆ ಭಾನುವಾರ ಬೇಕಾಯಿತು.

"ಆ ಭಾನುವಾರ ಇವತ್ತೇ ಅಲ್ಲವೇ?"

"ಹೌದು."

"ಹಾಗಾದರೆ ಇವತ್ತು ಆದದ್ದು ರೇಸಲ್ಲ. ಕಲಿಕೆ!"

"ಹೌದು, ಹೌದು."

ಗೆದ್ದಿದ್ದ ಹಸಿರು ಕಾರಿನ ಕೊರಳಿಂದ ಹಾರ ತೆಗೆದರು. ಬಹುಮಾನದ ಕಪ್ಪು ವಾಪಸು ಇಸಿದುಕೊಂಡರು. ತಿಂದ ಲಡ್ಡು ಮಾತ್ರ ಅದರ ಹೊಟ್ಟೆಯಲ್ಲೇ ಉಳಿಯಿತು. ಕಾರುಗಳು ಮತ್ತೆ ಓಡತೊಡಗಿದವು. ಮುಂದಿನ ಭಾನುವಾರ ಬಂದಾಗ ಅದೂ ಅದರ ಮುಂದಿನ ಸೋಮವಾರಕ್ಕೆ ಕಲಿಕೆಯಾಯಿತು. ರೇಸು ಮುಗಿಯುವುದಿರಲಿ, ಶುರುವಾಗುವುದೇ ನಿಂತುಹೋಯಿತು. ರಸ್ತೆಯೂ ತೆರೆಯಲಿಲ್ಲ.

ಈಗ ಕೆಂಪಸಿದ್ದಮ್ಮನ ಮನೆಗೆ ಬನ್ನಿ. ಅಂದು ಸೋಮವಾರ. ಚಿಕ್ಕಲಿಂಗಯ್ಯ ಉಣ್ಣಲು ಕೂತ. ಮುದ್ದೆ ಉಂಡ, ಹುರುಳಿ ಸಾರು ಉಂಡ, ಅನ್ನ ಉಂಡ. ಆಮೇಲೆ "ಮಜ್ಜಿಗೆ" ಅಂದ.

"ಇಲ್ಲ. ರಸ್ತೆ ತೆಗೆದಿಲ್ಲ, ಹೆಪ್ಪು ಬಂದಿಲ್ಲ. ಎದ್ದು ಕೈ ತೊಳ್ಕೊಳಿ."

ಅವನು ಏಳಲಿಲ್ಲ. "ಮಜ್ಜಿಗೆ ಅನ್ನ ಉಣ್ಣದೆ ಊಟ ಮುಗಿಯೋದುಂಟಾ? ಊಟ ಮುಗಿಯದೆ ಎಲೆ ಮುಂದಿಂದ ಏಳೋದುಂಟಾ? ನಮ್ಮಪ್ಪ ಎದ್ದಿಲ್ಲ, ನಮ್ಮ ತಾತ ಎದ್ದಿಲ್ಲ."

ಮಾತೇನೋ ಸರಿಯೇ. ಅದಕ್ಕೆ ಅವಳೂ ಎದುರಾಡಲಿಲ್ಲ. ಮಂಗಳವಾರವೂ ಅವನು ಹಾಗೇ ಕೂತಿದ್ದ. ಬುಧವಾರವೂ ಕೂತಿದ್ದ. ಕೈ ಒಣಗಿತು, ಎಲೆ ಒಣಗಿತು. ಇವಳು ಅವನ ಸುತ್ತ ಕಸ ಗುಡಿಸುತ್ತಿದ್ದಳು. ಹಸುಗಳು ಕಿಟಕಿಯಲ್ಲಿ ಇಣುಕಿ, "ಯಜಮಾನರ ಊಟ ಆಯ್ತಾ?" ಅಂತ ಕೇಳಿ ಹೋಗುತ್ತಿದ್ದವು. ಹಾಲಿನ ಗಡಿಗೆಗಳು ಒಂದರ ಪಕ್ಕ ಒಂದು ತುಂಬಿ ನಿಂತವು.

"ಕೆಂಪಸಿದ್ದಮ್ಮಾ, ನಾವು ಏನಾಗಬೇಕು?" ಅಂತ ಹಾಲು ಕೇಳಿತು.

"ಸ್ವಲ್ಪ ತಡ್ಕೊ, ತಾಯಿ."

"ತಡ್ಕೊತೀವಿ. ಒಡೆಯೋಕೂ ಅಪ್ಪಣೆ ಬೇಕಲ್ಲ."

ಹದಿನೈದು ದಿನ ಹೀಗೇ ಕಳೆಯಿತು. ಕೆಂಪಸಿದ್ದಮ್ಮನಿಗೆ ಭಯ ಹತ್ತಿದ್ದು ಆಗಲೇ. ಬೆಳಿಗ್ಗೆ ನೋಡುತ್ತಾಳೆ, ಗಂಡನ ಮಂಡಿಯ ಮೇಲೆ ಜೇಡ ಬಲೆ ಹೆಣೆದಿದೆ. ಇವನು ಅದನ್ನು ಒರೆಸಿಕೊಳ್ಳುತ್ತಿಲ್ಲ. "ಇರಲಿ ಬಿಡು, ಅದಕ್ಕೂ ಒಂದು ಮನೆ ಬೇಕಲ್ಲ" ಅಂದ. ಕೂತವನು ಕೂತಲ್ಲೇ ಪೀಠೋಪಕರಣ ಆಗಿಬಿಟ್ಟರೆ ಏನು ಗತಿ? ಅವಳಿಗೆ ಅಳು ಬಂತು. ನೆಕ್ಕುವವನಾದರೂ ಸರಿ, ತನ್ನ ಗಂಡ ಎದ್ದು ಓಡಾಡಬೇಕು.

ರಸ್ತೆಯ ಅಂಚಿಗೆ ಬಂದು ಕೂಗಿದಳು. "ದುಂಡಕ್ಕಾ! ಹೆಪ್ಪು ಐತಾ?"

ಆಚೆಯಿಂದ ದುಂಡಮ್ಮ ಬಂದಳು. "ಹಾಲೇ ಇಲ್ಲ, ಮೊಸರೆಲ್ಲಿಂದ ಬಂದಾದು? ಅರಮನೆಯೋರು ಎಲ್ಲಾ ಬಳಕೊಂಡು ಹೋದ್ರು. ಇರೋದು ಇದೊಂದು ಚಮಚ. ಎಸೀತೀನಿ, ಹಿಡ್ಕೊ!"

ಅವಳು ಎಸೆದಳು. ಇವಳು ಸೆರಗು ಒಡ್ಡಿದಳು. ನಡುವೆ ಗುರ್‌ರ್ ಅಂತ ಏಳನೇ ನಂಬರಿನ ಹಳದಿ ಕಾರು ಬಂತು. ಹೆಪ್ಪು ಅದರ ಮುಂದಿನ ಗಾಜಿಗೆ ಪಚ್ಚನೆ ಅಂಟಿಕೊಂಡು ಹೊರಟುಹೋಯಿತು. ಇಡೀ ರಾಜ್ಯದಲ್ಲಿ ಉಳಿದಿದ್ದ ಹೆಪ್ಪು ಅಷ್ಟೇ. ಅದು ಈಗ ಗಿರಗಿರ ಸುತ್ತುತ್ತಿತ್ತು.

"ನಿಲ್ಲಯ್ಯ!" ಅಂದಳು ಕೆಂಪಸಿದ್ದಮ್ಮ, ಕಾರು ಮುಂದಿನ ಸುತ್ತಿಗೆ ಬಂದಾಗ.

"ನಿಲ್ಲೋದು ಇನ್ನೂ ಕಲಿತಿಲ್ಲ, ಅಜ್ಜಿ. ಅದು ಮುಂದಿನ ತಿಂಗಳ ಪಾಠ!" ಅಂತ ಕಾರು ಹೋಯಿತು.

ಆ ದಿನವೇ ಅರಮನೆಯಲ್ಲೂ ಮಜ್ಜಿಗೆ ಮುಗಿಯಿತು. ರಸ್ತೆಯ ಪಕ್ಕದ ಚಪ್ಪರದಲ್ಲಿ ಗಿರಕಿರಾಯ ಉಣ್ಣಲು ಕೂತ. ಹೋಳಿಗೆ ಉಂಡ, ಪಾಯಸ ಉಂಡ, "ಮಜ್ಜಿಗೆ" ಅಂದ. ಇಲ್ಲ ಅಂದರು. ಅವನೂ ಎಲೆ ಮುಂದೆಯೇ ಕೂತ. ರಾಜನಾದರೇನು, ಅವನಿಗೂ ಅಪ್ಪ ಇದ್ದ, ತಾತ ಇದ್ದ. ಈಗ ಬಾವುಟ ಬೀಸಬೇಕೆಂದರೂ ಬೀಸುವವರಿಲ್ಲ. ರಾಜ ಎದ್ದು ನಿಂತೇ ಬೀಸಬೇಕು ಅಂತ ಕಾನೂನು.

ನಾಲ್ಕು ದಿನ ಕೂತ ಮೇಲೆ ರಾಜ ಕೆಂಪಸಿದ್ದಮ್ಮನನ್ನು ಕರೆಸಿದ. ಕರೆಸಿದರೆ ಬರುವುದು ಹೇಗೆ? ಅವಳು ಈಚೆ ಅಂಚಿನಲ್ಲಿ ನಿಂತಳು, ಅವನು ಆಚೆ ಅಂಚಿನಲ್ಲಿ ಎಲೆ ಮುಂದೆ ಕೂತಿದ್ದ. ಒಂದು ಕಾರು ಹೋಗಿ ಇನ್ನೊಂದು ಬರುವ ಸಂದಿನಲ್ಲಿ ಇಬ್ಬರೂ ಮಾತಾಡಿದರು.

"ಕೆಂಪಸಿದ್ದಮ್ಮಾ, ಮೊಸರು..." ಗುರ್‌ರ್. "...ಬೇಕು!"

"ನಿಮ್ಮ ರೇಸು ನಿಲ್ಲಿಸಿ ಬುದ್ಧಿ, ಆಯ್ತದೆ."

"ಎಲ್ಲರೂ ಚೆನ್ನಾಗಿ ಕಲಿಯುವವರೆಗೆ..." ಗುರ್‌ರ್. "...ಹೇಗೆ ನಿಲ್ಲಿಸಲಿ? ಎಷ್ಟು ದಿನ ಸಾಕು ಅಂತ ಗೊತ್ತಾಗುವುದಾದರೂ ಹೇಗೆ?"

ಕೆಂಪಸಿದ್ದಮ್ಮನಿಗೆ ಎಲ್ಲಿತ್ತೋ ಕೋಪ. ಹತ್ತೊಂಬತ್ತು ದಿನದ್ದು ಒಟ್ಟಿಗೆ ಬಂತು.

"ಹಾಲಿಗೆ ಹೆಪ್ಪು ಹಾಕಿದ್ಮೇಲೆ ಗಳಿಗೆಗೊಂದ್ಸಲ ಬೆರಳಿಟ್ಟು ನೋಡಿದ್ರೆ ಹೆಪ್ಪುಗಟ್ಟತದಾ ಬುದ್ಧಿ? ಹಾಕಬೇಕು, ಮುಚ್ಚಬೇಕು, ಸುಮ್ಕಿರಬೇಕು. ದಿನ ಬಂದಾಗ ತೆಗೀಬೇಕು. ಗಟ್ಟಿ ಆಗಿದ್ರೆ ಗಟ್ಟಿ ಮೊಸರು, ನೀರಾಗಿದ್ರೆ ನೀರು ಮೊಸರು. ಹೆಂಗಾಗದೋ ಅದೇ ಮೊಸರು. ಇನ್ನೂ ಆಗ್ಲಿ ಇನ್ನೂ ಆಗ್ಲಿ ಅಂತ ಇಟ್ರೆ ಹುಳಿ!"

"ಹೌದು" ಅಂದ ಹೌದಪ್ಪಯ್ಯ. ಜೀವಮಾನದಲ್ಲಿ ಮೊದಲ ಸಲ ಯೋಚನೆ ಮಾಡಿ ಅಂದ.

ಆ ಮಾತು ಹಳದಿ ಕಾರಿನ ಕಿವಿಗೂ ಬಿತ್ತು. ಕೆಂಪಸಿದ್ದಮ್ಮನ ಬಾಗಿಲ ಹತ್ತಿರ ಬರುತ್ತಾ ನಿಧಾನವಾಯಿತು. "ಅಜ್ಜಿ, ಅಂದ್ರೆ ನಾನು ಹೆಂಗೆ ಬಂದೆನೋ ಅದೇ ನಾನು ಬಂದಿದ್ದಾ?"

"ಹೂಂ ಕಣ್ ಮಗ. ಕೊನೇಗೆ ಬಂದ್ರೆ ಕೊನೇಗೆ ಬಂದೆ. ಅದರಲ್ಲಿ ಅಳೋದೇನೈತೆ?"

ಕಾರು ನಿಂತಿತು. ನಿಲ್ಲುವುದನ್ನು ಯಾರೂ ಕಲಿಸಿರಲಿಲ್ಲ, ಅದಕ್ಕೇ ಚೆನ್ನಾಗಿ ನಿಂತಿತು. ಅದು ನಿಂತದ್ದು ಕಂಡು ಹಿಂದಿನದು ನಿಂತಿತು. ಅದರ ಹಿಂದಿನದೂ ನಿಂತಿತು. ದುಂಡನೆಯ ರಸ್ತೆ ನೋಡಿ, ಎಲ್ಲ ಕಾರಿನ ಮುಂದೂ ಒಂದೊಂದು ಕಾರು ನಿಂತುಬಿಟ್ಟಿತು.

ಗಾಜಿನ ಮೇಲೆ ಹೆಪ್ಪು ಕಡಲೆಕಾಳಿನಷ್ಟು ಉಳಿದಿತ್ತು.

"ಅಯ್ಯೋ, ಇವತ್ತು ಶುಕ್ರವಾರ! ಹೆಪ್ಪು ಕೊಡಬಾರದು ಕಣೇ!" ಅಂತ ಆಚೆಯಿಂದ ದುಂಡಮ್ಮ ಕೂಗಿದಳು.

"ಕೊಡಬಾರದು ಅಂದವ್ರೆ ದುಂಡಕ್ಕ. ತಗೊಬಾರದು ಅಂದಿಲ್ಲ!" ಅಂದು ಕೆಂಪಸಿದ್ದಮ್ಮ ಬೆರಳಲ್ಲಿ ಬಳಿದು ಹಾಲಿಗೆ ಹಾಕಿ ಮುಚ್ಚಿದಳು. "ಅಬ್ಬ, ಸದ್ಯ!" ಅಂತು ಹಾಲು.

ಕಡಲೆಕಾಳಿನಷ್ಟು ಹೆಪ್ಪು, ಕೊಳದಪ್ಪಲೆಯಷ್ಟು ಹಾಲು. ಶನಿವಾರವಿಡೀ ಬೇಕಾಯಿತು. ಮೊಸರು ಅಲುಗಬಾರದು ಅಂತ ಎಲ್ಲ ಕಾರೂ ಇಂಜಿನ್ ಆರಿಸಿದವು. ಊರಿನವರು ತುದಿಗಾಲಲ್ಲಿ ನಡೆದರು. ಕೆಮ್ಮು ಬಂದವರು ಪಕ್ಕದೂರಿಗೆ ಹೋಗಿ ಕೆಮ್ಮಿ ಬಂದರು. ರಾಜ ಆಚೆ ಕೂತಿದ್ದ, ಚಿಕ್ಕಲಿಂಗಯ್ಯ ಈಚೆ ಕೂತಿದ್ದ. ಇಷ್ಟು ದಿನದ ಮೇಲೆ ಕೆಂಪಸಿದ್ದಮ್ಮನಿಗೆ ತನ್ನ ಹಸುಗಳು ಮೆಲುಕು ಹಾಕುವ ಸದ್ದು ಕೇಳಿಸಿತು.

ಭಾನುವಾರ ಬೆಳಿಗ್ಗೆ ಮುಚ್ಚಳ ತೆಗೆದಳು. ಮೊಸರು ಆಗಿತ್ತು.

"ತಾ ಇಲ್ಲಿ!" ಅಂದ ರಾಜ.

"ಸರದಿ ಬುದ್ಧಿ. ಮೊದಲು ಕೂತೋರು ಯಾರೋ ಅವರಿಗೆ ಮೊದಲು."

ಒಳಗೆ ಹೋಗಿ ಗಂಡನ ಎಲೆಗೆ ಅನ್ನ ಹಾಕಿ, ಮಜ್ಜಿಗೆ ಹುಯ್ದು, ಉಪ್ಪು ಬಡಿಸಿದಳು. ಅವನು ಉಂಡ. ತೇಗಿದ. ಜೇಡನನ್ನು ಮೆಲ್ಲಗೆ ಎತ್ತಿ ಗೋಡೆಗೆ ಬಿಟ್ಟು, ಎದ್ದು ಹೋಗಿ ಕೈ ತೊಳೆದ. ಅವನ ಮಂಡಿ ಲಟಲಟ ಅಂದದ್ದು ಕೇಳಿ ಕೆಂಪಸಿದ್ದಮ್ಮನಿಗೆ ಆದ ಸಂತೋಷ ಹೇಳತೀರದು. ಆಮೇಲೆ ಗಡಿಗೆ ಹೊತ್ತು, ನಿಂತ ಕಾರುಗಳ ನಡುವೆ ನಡೆದು, ರಸ್ತೆ ದಾಟಿ ರಾಜನಿಗೆ ಬಡಿಸಿದಳು. ರಾಜ ಉಂಡು ಎದ್ದ. ಕೈ ತೊಳೆದ. ಒರೆಸಿಕೊಳ್ಳಲು ಟವೆಲು ಸಿಗದೆ ಚೌಕಳಿ ಬಾವುಟಕ್ಕೇ ಒರೆಸಿ, ಒದ್ದೆಯಾಯಿತು ಅಂತ ಒಮ್ಮೆ ಕೊಡವಿದ.

"ಬೀಸಿದರು!" ಅಂತ ಊರೆಲ್ಲ ಕೂಗಿತು.

"ಹೌದು!" ಅಂದ ಹೌದಪ್ಪಯ್ಯ.

ರೇಸು ಮುಗಿದೇಹೋಯಿತು. ಯಾರು ಗೆದ್ದರು ಅಂತ ಕೇಳಬೇಡಿ. ಎಲ್ಲರ ಮುಂದೂ ಒಬ್ಬರು ನಿಂತಿದ್ದರಿಂದ ಎಲ್ಲರೂ ಎರಡನೆಯವರಾದರು. ಹಳದಿ ಕಾರಿಗೆ ಅಷ್ಟೇ ಸಾಕಾಗಿತ್ತು. ಅಂದಿನಿಂದ ಆ ರಾಜ್ಯದಲ್ಲಿ ಕಾನೂನು: ಶುಕ್ರವಾರ ಹೆಪ್ಪು ಹಾಕಿದಾಗ ರೇಸು ಶುರು, ಭಾನುವಾರ ಮೊಸರು ತೆಗೆದಾಗ ಮುಗಿತಾಯ. ಕಲಿತವರೂ ಓಡಬೇಕು, ಕಲಿಯದವರೂ ಓಡಬೇಕು.

ಸೋಮವಾರ ಕೆಂಪಸಿದ್ದಮ್ಮ ಗಡಿಗೆ ತೊಳೆಯಲು ಎತ್ತಿಕೊಂಡಳು. ತಳದಲ್ಲಿ ಒಂದು ಚಮಚ ಮೊಸರು ಇತ್ತು. ಗಂಡನ ಕಡೆ ನೋಡಿದಳು. ಅವನು ಗೋಡೆಯ ಮೇಲಿನ ಜೇಡನ ಕಡೆ ನೋಡುತ್ತಿದ್ದ.

"ನೆಕ್ಕಲಿಲ್ವಾ?"

"ಹೊಟ್ಟೆ ತುಂಬಿತ್ತು" ಅಂದ.

ಅವಳು ಆ ಚಮಚ ಮೊಸರನ್ನು ಹಾಲಿಗೆ ಹಾಕಿ ಮುಚ್ಚಿದಳು. ಆಮೇಲೆ ಖಾಲಿ ಬಟ್ಟಲು ಹಿಡಿದು, ಹೆಪ್ಪು ಇಸಕೊಂಡು ಬರ್ತೀನಿ ಅಂತ ಹೇಳಿ, ರಸ್ತೆ ದಾಟಿ ದುಂಡಮ್ಮನ ಮನೆಗೆ ಹೋದಳು. ಸಂಜೆಯವರೆಗೂ ಬರಲಿಲ್ಲ.

ನೀತಿ ಬೇಕಾ? ಚಮಚ ತೊಳೆದಿಡಿ, ಅದೇ ನೀತಿ. ಕತೆ ಉಂಡಾಯಿತು, ಎಲೆ ಎತ್ತಿಯಾಯಿತು. ಮಜ್ಜಿಗೆ ಅನ್ನ ಉಂಡವರು ಎದ್ದು ಮನೆಗೆ ಹೋಗಿ. ಉಣ್ಣದವರು ಕೂತೇ ಇರಿ.