ಕೂಗದ ಬಂಡೆ

ಮುದ್ದಲಹಟ್ಟಿಯ ಬೆನ್ನಿಗೆ ನಿಂತಿರುವ ಗುಡ್ಡದ ನೆತ್ತಿಯಲ್ಲಿ, ಊರಿನ ಕಡೆಗೆ ಚಾಚಿಕೊಂಡ ಚಪ್ಪಟೆ ಬಂಡೆಯೊಂದಿದೆ. ಅದಕ್ಕೆ ಕೂಗದ ಬಂಡೆ ಎಂದು ಹೆಸರು. ಕೆಳಗೆ ನಿಂತು ನೋಡಿದರೆ ಕೈಗೆ ಎಟುಕುವಷ್ಟೇ ಹತ್ತಿರ ಅನ್ನಿಸುತ್ತದೆ. ಆದರೆ ಊರಿನ ಕಡೆ ಕಡಿದಾದ ಬಂಡೆಗೋಡೆಯಾದ್ದರಿಂದ ಹತ್ತುವವರು ಗುಡ್ಡವನ್ನು ಪೂರ್ತಿ ಬಳಸಿ, ಹಿಂದಿನ ಕೊರಕಲಿನಲ್ಲಿ ಕಾರೆಮುಳ್ಳು ಸರಿಸುತ್ತ ಅರ್ಧ ದಿನ ಏರಬೇಕು. ಭಾನುವಾರ ಬರುವ ಹುಡುಗರು ಮೊಬೈಲಿನಲ್ಲಿ ದೂರ ನೋಡಿ, ಒಂದೇ ಬಾಟಲಿ ನೀರು ಹಿಡಿದು ಹೊರಡುತ್ತಾರೆ. ಹೇಳಿದರೆ ಕೇಳುವ ಪೈಕಿ ಅಲ್ಲ. ನಡುದಾರಿಯಲ್ಲಿ ನಾಲಿಗೆ ಒಣಗಿದಾಗ ಅವರಿಗೇ ಬುದ್ಧಿ ಬರುತ್ತದೆ. ಮೇಲೆ ತಲುಪಿದವರಿಗೆ ಮಾತ್ರ ಮೂರು ಸೀಮೆ ಒಟ್ಟಿಗೇ ಕಾಣುತ್ತದೆ. ನಾನು ಮೂವತ್ತು ವರ್ಷ ಈ ಊರಿನ ಶಾಲೆಯಲ್ಲಿ ಪಾಠ ಹೇಳಿದವನು. ಹನ್ನೊಂದು ಸಲ ಹತ್ತಿದ್ದೇನೆ, ಹನ್ನೊಂದು ಸಲವೂ ಇನ್ನು ಸಾಕಪ್ಪಾ ಅಂದಿದ್ದೇನೆ.

ಹಿಂದೆ ಒಮ್ಮೆ, ಇಲ್ಲಿ ದನ ಹೊಡೆದುಕೊಂಡು ಹೋಗುವ ಕುದುರೆಯವರ ಕಾಟ ವಿಪರೀತವಾಗಿತ್ತಂತೆ. ಅದಕ್ಕಾಗಿ ಹಟ್ಟಿಯವರು ದಿನಕ್ಕೊಂದು ಮನೆಯ ಸರದಿಯಂತೆ ಕಾವಲು ಮಾಡಿಕೊಂಡಿದ್ದರು. ಸರದಿ ಬಂದ ಮನೆಯಿಂದ ಒಬ್ಬರು, ಒಬ್ಬರೇ, ಕೋಳಿ ಕೂಗುವಾಗ ಹೊರಟು ನಡುಹಗಲಿಗೆ ಬಂಡೆ ಸೇರಬೇಕು. ನಾಲ್ಕು ದಿಕ್ಕು ನೋಡಿ ಯಾರೂ ಕಾಣದಿದ್ದರೆ ಊರಿಗೆ ಕೇಳುವಂತೆ ಒಂದೇ ಸಲ, "ಎಲ್ಲಾ ಸುಖ ಐತ್ರಪ್ಪೋ" ಎಂದು ಕೂಗಬೇಕು. ಕುದುರೆ ಕಂಡರೆ ಬಾಯಿ ಬಿಡಬಾರದು. ಕೂಗಿದರೆ ಕಳ್ಳರಿಗೂ ಕೇಳುತ್ತದಲ್ಲ. ಕೂಗು ಬರಲಿಲ್ಲವೆಂದರೆ ಕೆಳಗಿನವರು ಒಲೆಯ ಮೇಲಿನ ಗಡಿಗೆಯನ್ನೂ ಇಳಿಸದೆ ದನ, ಮಕ್ಕಳನ್ನು ಅಟ್ಟಿಕೊಂಡು ಗವಿ ಸೇರುತ್ತಿದ್ದರು. ಕಾವಲು ತಪ್ಪಿದವರನ್ನು ಹಟ್ಟಿಯ ಮುಳ್ಳುಬೇಲಿಯಿಂದ ಹೊರಗೆ ಹಾಕುವುದು ಕಟ್ಟಳೆಯಾಗಿತ್ತು ಎನ್ನುತ್ತಾರೆ.

ಹೀಗಿರುವಾಗ ಒಂದು ದಿನ ಗಂಗಮಾಳವ್ವ ಎಂಬ ವಿಧವೆಯ ಮನೆಗೆ ಸರದಿ ಬಂತು. ಅದಕ್ಕೆ ಹನ್ನೆರಡು ದಿನ ಮುಂಚೆ ಅವಳ ಒಬ್ಬಳೇ ಮಗಳು, ಒಂಬತ್ತು ವರ್ಷದ ಸಣ್ಣೀರವ್ವ, ಜ್ವರದಲ್ಲಿ ತೀರಿಕೊಂಡಿದ್ದಳು. ಮಣ್ಣು ಮಾಡಿದಾಗಲೂ ಗಂಗಮಾಳವ್ವ ಅಳಲಿಲ್ಲ. ತಂದುಕೊಟ್ಟವರ ಅಂಬಲಿ ಕುಡಿದಳು, ಕುರಿಗೆ ಸೊಪ್ಪು ಹಾಕಿದಳು. ಹಟ್ಟಿಯ ಯಜಮಾನ ಕಾಟಯ್ಯ ಬಂದು, ಈ ಸಲ ತನ್ನ ಮನೆಯಿಂದ ಯಾರಾದರೂ ಹೋಗಿಬರುತ್ತಾರೆ ಎಂದ. ಅವಳು, "ನನ್ ಸರದಿ ನಾನೇ ಹೋಗ್ತೀನಿ. ಮನೇಲಿ ಕುಂತು ಏನ್ ಮಾಡ್ಲಿ?" ಎಂದಳು. ಅವನಿಗೂ ಅದು ಸರಿಯೆನಿಸಿತು.

ಕತ್ತಲು ಹರಿಯುವ ಮುಂಚೆ ಹೊರಟಳು. ಕೊರಕಲಿನಲ್ಲಿ ಮುಳ್ಳು ತುಳಿದಳು. ತುಳಿದದ್ದು ಗೊತ್ತಾಯಿತು, ನೋವಾಗಲಿಲ್ಲ. ಬಿಸಿಲೇರಿತು. ಸೊಂಟಕ್ಕೆ ಕಟ್ಟಿದ ಸೋರೆಬುರುಡೆಯಲ್ಲಿ ನೀರಿತ್ತು, ಕುಡಿಯಬೇಕು ಅನ್ನಿಸಲಿಲ್ಲ. ಕಡೆಯ ಏರಿನಲ್ಲಿ ಮಂಡಿಯೂರಿ, ಕೈಯೂರಿ ಹತ್ತಿ, ಸರಿಯಾಗಿ ನಡುಹಗಲಿಗೆ ಬಂಡೆಯ ಮೇಲೆ ನಿಂತಳು. ಮೂರು ಸೀಮೆಯೂ ಕಂಡಿತು. ಕೆರೆ ಹೊಳೆಯುತ್ತಿತ್ತು. ಎಲ್ಲೂ ಧೂಳೆದ್ದಿರಲಿಲ್ಲ, ಒಂದು ಕುದುರೆಯೂ ಇರಲಿಲ್ಲ. ಅವಳು ಊರಿನ ಕಡೆ ತಿರುಗಿ, ಎರಡೂ ಕೈ ಬಾಯಿಗೆ ಹಿಡಿದು ಉಸಿರು ತೆಗೆದುಕೊಂಡಳು. ಎಲ್ಲಾ ಸುಖ ಎನ್ನುವ ಮಾತು ಬಾಯಿಗೆ ಬರಲೇ ಇಲ್ಲ. ಮೂರು ಸಲ ಹಾಗೇ ಕೈ ಹಿಡಿದಳು. ಆಮೇಲೆ ಕೈ ಇಳಿಸಿ ಗುಡ್ಡ ಇಳಿಯತೊಡಗಿದಳು.

ಹಟ್ಟಿ ಗವಿಗೆ ಓಡಿತು. ಬಿಟ್ಟುಹೋದ ಒಲೆಯ ಕಿಡಿ ಗಾಳಿಗೆ ಹಾರಿ ಕಾಟಯ್ಯನ ಗುಡಿಸಲೇ ಸುಟ್ಟುಹೋಯಿತು. ವರ್ಷದ ರಾಗಿಯೂ ಅದರಲ್ಲೇ ಇತ್ತು. ಹೊತ್ತು ಇಳಿಯುವಾಗ ಗಂಗಮಾಳವ್ವ ರಕ್ತದ ಕಾಲಿನಲ್ಲಿ ನಡೆದುಬಂದಾಗ ಹೊಗೆ ಕಂಡು ಗವಿಯಿಂದ ಮರಳಿದ್ದ ಹಟ್ಟಿಯ ಜನರೆಲ್ಲ ಬೂದಿಯ ಸುತ್ತ ನಿಂತಿದ್ದರು.

"ಏನ್ ಕಂಡ್ಯವ್ವ ಮೇಲೆ?" ಎಂದ ಕಾಟಯ್ಯ.

"ಏನೂ ಕಾಣ್ಲಿಲ್ಲ."

"ಮತ್ಯಾಕೆ ಕೂಗ್ಲಿಲ್ಲ?"

"ಎಲ್ಲಾ ಸುಖ ಐತೆ ಅಂತ ಕೂಗ್ಬೇಕಲ್ಲಣ್ಣ. ನಂಗೆ ಆಗ್ಲಿಲ್ಲ. ಬೇಲಿ ಆಚೆ ಹೋಗ್ತೀನಿ ಬಿಡು," ಎಂದು ಅವಳು ತಾನಾಗಿಯೇ ಬೇಲಿಯ ಬಾಗಿಲ ಕಡೆ ತಿರುಗಿದಳಂತೆ. ಯಾರೂ ತಡೆಯಲಿಲ್ಲ. ಗುಡಿಸಲು ಕಳೆದುಕೊಂಡವನು ಕಾಟಯ್ಯ, ತೀರ್ಪು ಹೇಳಬೇಕಾದವನೂ ಅವನೇ. ಅವನು ಬೂದಿಯನ್ನು ಕೋಲಿನಿಂದ ಕೆದಕಿದ. ಅವಳು ಬಾಗಿಲು ದಾಟುವ ಹೊತ್ತಿಗೆ, "ನಿಲ್ಲವ್ವ" ಎಂದ. ಜನರ ಕಡೆ ತಿರುಗಿ, "ತಪ್ಪು ಇವಳ್ದಲ್ಲ, ನಾವು ಕಟ್ಟಿದ ಕೂಗಿಂದು. ನಾಳೆಯಿಂದ ಕುದುರೆ ಕಾಣ್ದಿದ್ರೆ ಹತ್ತಿದೋರು ಬಂದೀನಿ ಅಂತ ಕೂಗ್ಲಿ, ಸಾಕು. ಸುಖನೋ ದುಃಖನೋ ಇಳಿದ ಮೇಲೆ ನೋಡ್ಕೊಳ್ಳಾನ," ಎಂದ.

ಮುಂದಿನ ಸರದಿಗೂ ಅವಳೇ ಹತ್ತಿದಳು. ನಡುಹಗಲಿಗೆ ಹಟ್ಟಿಯವರು ಕೆಲಸ ನಿಲ್ಲಿಸಿ ಮೇಲೆ ನೋಡುತ್ತ ನಿಂತರು. ಬಂದೀನಿ ಎಂಬ ಕೂಗು ತಡವಾಗಿ ಬಂತು, ಆದರೆ ಬಂತು. ಅವಳಿಗೆ ಸಮಾಧಾನವಾಯಿತೇ, ಎಂದಾದರೂ ಅತ್ತಳೇ ಎಂದು ನಾನು ಎಷ್ಟೋ ಹಿರಿಯರನ್ನು ಕೇಳಿದ್ದೇನೆ. ಅದು ಗೊತ್ತಿಲ್ಲ ಎನ್ನುತ್ತಾರೆ. ಸಾವಿರಾರು ದಿನ ಕೂಗಿದ ಬಂಡೆಗೆ ಕೂಗದ ಒಂದು ದಿನದ ಹೆಸರೇ ನಿಂತಿತು.

ಈಗ ಅಲ್ಲಿ ಗುಡಿಯಿಲ್ಲ, ಶಾಸನವಿಲ್ಲ. ಅರಣ್ಯ ಇಲಾಖೆಯ ತುಕ್ಕುಹಿಡಿದ ಕಂಬಿಯೊಂದಿದೆ, ಅದರಾಚೆ ಆಕಾಶ. ಒಬ್ಬರೇ ಹತ್ತಿದವರು ಅಲ್ಲಿಂದ ಬಂದೀನಿ ಎಂದು ಕೂಗಿದರೆ, ಕೆಳಗೆ ಹೊಲದಲ್ಲಿ ಯಾರಿದ್ದರೂ ಬಗ್ಗಿದ ಸೊಂಟ ನೆಟ್ಟಗೆ ಮಾಡಿ, "ಕೇಳಿಸ್ತು, ಇಳಿದು ಬಾ" ಎಂದು ಮರುಕೂಗು ಹಾಕುತ್ತಾರೆ. ಸುಖವೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.